ಸಿದ್ದೇಶ್ವರಿಯ ಮೇಜಿಗೆ ನಾನು ಆರಿಸಿದ ಪವರ್ ಸಪ್ಲೈ

ನನ್ನ ಸೊಸೆ ಸಿದ್ದೇಶ್ವರಿಯ ಬಗ್ಗೆ ಔರಾದದಲ್ಲಿ ಯಾರನ್ನು ಕೇಳಿದರೂ, ಕಿವುಡ ಮಕ್ಕಳ ಕಿವಿ ಮಷೀನು ಸುಟ್ಟವಳು ಅವಳೇ ಎಂದು ಹೇಳುತ್ತಾರೆ. ಅದು ಸುಳ್ಳು. ಸುಳ್ಳೆಂದು ಆಕೆಗೆ ಗೊತ್ತು, ನನಗೆ ಗೊತ್ತು. ಆಕೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನಾನು ಬಿಡಬೇಕಾದ ದಿನ ಬಿಡಲಿಲ್ಲ. ಹಾಗಾಗಿ ಈ ಕಥೆಯನ್ನು ನನ್ನ ಬಾಯಿಂದ ಕೇಳುವವರು ನನ್ನ ಮೇಲೆ ಮರುಕ ಪಡುವ ಅಗತ್ಯವಿಲ್ಲ.

ನನ್ನ ಹೆಸರು ಬಕ್ಕಪ್ಪ. ಔರಾದ ಬಸ್ ನಿಲ್ದಾಣದ ಹಿಂದೆ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರು ಬಿಚ್ಚಿ, ಹಳೆಯ ತಂತಿ ತೆಗೆದು, ಹೊಸ ತಾಮ್ರ ಸುತ್ತಿ, ವಾರ್ನಿಷ್ ಹೊಡೆದು ಕೊಡುವ ಕೆಲಸ. ನನ್ನಪ್ಪ ಕುರಿ ಕಾಯ್ದವನು. ಆತ ತಕ್ಕಡಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಕುರಿಯ ಹೊಟ್ಟೆಯ ಕೆಳಗೆ ಎರಡೂ ಕೈ ಹಾಕಿ ಒಂದು ಸಲ ಎತ್ತಿ ಇಳಿಸಿದರೆ ಇಂತಿಷ್ಟು ತೂಗುತ್ತದೆ ಅಂತ ಹೇಳುತ್ತಿದ್ದ, ಹೇಳಿದ್ದು ತಪ್ಪುತ್ತಿರಲಿಲ್ಲ. ಆ ಅಭ್ಯಾಸ ನನಗೂ ಬಂತು. ಮೋಟಾರು, ಸ್ಟೆಬಿಲೈಸರು, ಮಿಕ್ಸರು, ಏನೇ ಇರಲಿ, ಮೊದಲು ಎತ್ತಿ ನೋಡುತ್ತೇನೆ. ಭಾರ ಇದ್ದರೆ ಒಳಗೆ ತಾಮ್ರ ಇದೆ, ಹಗುರ ಇದ್ದರೆ ಮೋಸ. ಮೂವತ್ತು ವರ್ಷ ಇದೇ ಲೆಕ್ಕದಲ್ಲಿ ಅಂಗಡಿ ನಡೆಸಿ ಹೆಸರು ಮಾಡಿದವನಿಗೆ ಬುದ್ಧಿ ಹೇಳುವವರು ಯಾರು?

ಸಿದ್ದೇಶ್ವರಿಯ ತವರು ಭಾಲ್ಕಿ. ಬೀದರಿನಲ್ಲಿ ಐಟಿಐ ಮುಗಿಸಿ ನನ್ನ ಮಗ ಸತೀಶಕುಮಾರನ ಕೈ ಹಿಡಿದು ಬಂದಳು. ಮಗ ಬಸ್ ಕಂಡಕ್ಟರು, ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ದಾರಿಯಲ್ಲಿ. ಎಲ್ಲ ಸೊಸೆಯರೂ ಸೀರೆ ಪೆಟ್ಟಿಗೆ ತರುತ್ತಾರೆ, ಇವಳು ಅದರ ಜೊತೆಗೆ ಸೋಲ್ಡರಿಂಗ್ ಕಡ್ಡಿ, ಮೀಟರು, ಚಿಮಟ ತುಂಬಿದ ಒಂದು ತಗಡಿನ ಡಬ್ಬಿಯನ್ನೂ ತಂದಳು. ಮದುವೆಯಾದ ವರ್ಷವೇ ಬೀದರಿನ ಒಂದು ಸರ್ವಿಸ್ ಸೆಂಟರಿನಲ್ಲಿ ಕೆಲಸ ಸಿಗುವುದಿತ್ತು. ನಾನೇ ಬೇಡ ಅಂದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಸೊಸೆ ನಮ್ಮ ಮನೆತನದಲ್ಲಿ ಇರಲಿಲ್ಲ. ಆಕೆ ಹಿಂದಿನ ಕೋಣೆಯ ಕಿಟಕಿಯ ಪಕ್ಕ ಒಂದು ಹಳೆಯ ಬಾಗಿಲನ್ನು ಇಟ್ಟಿಗೆಯ ಮೇಲೆ ಅಡ್ಡ ಹಾಕಿ ಮೇಜು ಮಾಡಿಕೊಂಡಳು. ಅಲ್ಲಿ ಟಾರ್ಚು, ಎಮರ್ಜೆನ್ಸಿ ಲೈಟು, ಔಷಧಿ ಹೊಡೆಯುವ ಬ್ಯಾಟರಿ ಪಂಪು ರಿಪೇರಿ ಮಾಡತೊಡಗಿದಳು. ಆ ಮೇಜು ಬಿಟ್ಟರೆ ಈ ಮನೆಯಲ್ಲಿ ತನ್ನದು ಅನ್ನುವುದು ಆಕೆಗೆ ಬೇರೇನೂ ಇರಲಿಲ್ಲ.

ಕಿವಿ ಮಷೀನಿನ ಕೆಲಸ ಶುರುವಾದದ್ದು ನನ್ನ ಹೆಂಡತಿ ಸಖುಬಾಯಿಯಿಂದ. ಸಖುಬಾಯಿಗೆ ಕಿವಿ ಮಂದ. ಯಾವುದೋ ಶಿಬಿರದಲ್ಲಿ ಆಕೆಗೊಂದು ಮಷೀನು ಪುಕ್ಕಟೆ ಸಿಕ್ಕಿತ್ತು, ಜೇಬಿನಲ್ಲಿ ಇಟ್ಟುಕೊಳ್ಳುವ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಆರು ತಿಂಗಳಿಗೆ ಅದು ಗೊರ್ರ್ ಅನ್ನತೊಡಗಿತು. ಸಿದ್ದೇಶ್ವರಿ ಬಿಚ್ಚಿ, ಒಂದು ಮಧ್ಯಾಹ್ನ ಕೂತು ಸರಿ ಮಾಡಿದಳು. ಅದೇ ಶಿಬಿರದ ಮಷೀನುಗಳು ತಾಲೂಕಿನ ತುಂಬ ಇದ್ದವು, ಎಲ್ಲವೂ ಹೀಗೇ ಕೆಟ್ಟು ಗೂಟಕ್ಕೆ ನೇತುಬಿದ್ದಿದ್ದವು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಮುದುಕರೆಲ್ಲ ನಮ್ಮ ಮನೆಯ ಬಾಗಿಲಿಗೆ ಬಂದರು.

ಕೊನೆಗೆ ಭಾಲ್ಕಿಯ ಕಿವುಡ ಮಕ್ಕಳ ಶಾಲೆಯೊಂದರ ಜೇಬಾ ಮೇಡಂ ಬಂದರು. ಮಧ್ಯವಯಸ್ಸಿನ ಹೆಂಗಸು, ಮಾತು ಕಡಿಮೆ. ಮಕ್ಕಳ ಮಷೀನು ಕೆಟ್ಟರೆ ಹೈದರಾಬಾದಿಗೆ ಕಳಿಸಬೇಕು, ಬರುವುದಕ್ಕೆ ಎರಡು-ಮೂರು ತಿಂಗಳು ಹಿಡಿಯುತ್ತದೆ, ಅಲ್ಲಿಯವರೆಗೆ ಮಕ್ಕಳು ಏನೂ ಕೇಳದೆ ಕೂತಿರುತ್ತವೆ ಅಂದರು.

"ಸದ್ಯ ಹನ್ನೊಂದು ಮಷೀನ್ ಕೆಟ್ಟಾವ. ಇವು ಸರಿ ಮಾಡಿಕೊಟ್ರ ಮುಂದ ನಮ್ಮ ಸಾಲಿದು ಎಲ್ಲಾ ಕೆಲಸ ನಿಮಗೇ ಕೊಡ್ತೇವ್ರಿ" ಎಂದರು ಸಿದ್ದೇಶ್ವರಿಗೆ. "ಆದ್ರ ಒಂದು. ಬೆಳಗ್ಗಿಂದ ಸಂಜಿತನ ನಡಿಬೇಕು. ಮಧ್ಯಾಹ್ನಕ್ಕ ಬಂದ್ ಬೀಳೋದು ಬ್ಯಾಡ."

ಅವತ್ತು ಸಂಜೆ ಸಿದ್ದೇಶ್ವರಿ ನನ್ನೆದುರು ನಿಂತು ಮೊದಲ ಸಲ ಏನಾದರೂ ಬೇಕು ಎಂದು ಕೇಳಿದಳು.

"ಮಾವಾರ, ನನಗೊಂದು ಪವರ್ ಸಪ್ಲೈ ಬೇಕ್ರಿ. ವೋಲ್ಟೇಜ್ ಹೆಚ್ಚು ಕಡಿಮಿ ಮಾಡೋದು."

"ಸೆಲ್ ಹಾಕಿ ನೋಡಿದ್ರ ಆಗಂಗಿಲ್ಲೇನು?"

"ಹೊಸ ಸೆಲ್ ಇದ್ದಾಗ ಎಲ್ಲಾ ಮಷೀನ್ ನಡೀತಾವ್ರಿ. ಸೆಲ್ ಇಳಕೋತ ಬಂದಾಗ ಕೆಲವು ಗೊರ್ರ್ ಅಂತಾವ, ಕೆಲವು ನಿಂದರ್ತಾವ. ಅದನ್ನ ನೋಡ್ಬೇಕಂದ್ರ ಒಂದೂವರಿ ವೋಲ್ಟಿನಿಂದ ಒಂದಕ್ಕ ಸ್ವಲ್ಪ ಸ್ವಲ್ಪ ಇಳಿಸಬೇಕು. ಕರೆಂಟ್ ಇಷ್ಟಕ್ಕಿಂತ ಹೆಚ್ಚಿಗಿ ಹೋಗಬಾರದು ಅಂತ ಕಟ್ಟಿಡೋ ಗುಂಡಿನೂ ಬೇಕ್ರಿ."

ಭಾಲ್ಕಿಯಲ್ಲಿ ಅಂಥದೊಂದು ನೋಡಿಟ್ಟಿದ್ದೇನೆ ಅಂದಳು. ಮರು ಭಾನುವಾರ ಇಬ್ಬರೂ ಬಸ್ಸು ಹತ್ತಿದೆವು.

ಭಾಲ್ಕಿಯಲ್ಲಿ ಆಕೆ ಕರೆದುಕೊಂಡು ಹೋದದ್ದು ಮಕ್ಬೂಲ ಅನ್ನುವ ಹಳೆಯ ರೇಡಿಯೋ ಮೆಕ್ಯಾನಿಕ್ಕಿನ ಮನೆಗೆ. ಕಣ್ಣು ಕಾಣದಾಗಿ ಕೆಲಸ ನಿಲ್ಲಿಸಿದ್ದ. ಆತನ ಪವರ್ ಸಪ್ಲೈ ಬಣ್ಣ ಕಿತ್ತ ಒಂದು ಸಣ್ಣ ಕಬ್ಬಿಣದ ಡಬ್ಬಿ. ಮುಂದೆ ಮುಳ್ಳಿನ ಮೀಟರು, ವೋಲ್ಟೇಜಿಗೆ ಎರಡು ಗುಂಡಿ, ಒಂದು ದೊಡ್ಡ ಹೆಜ್ಜೆಗೆ, ಒಂದು ಸಣ್ಣ ಹೆಜ್ಜೆಗೆ. ಕರೆಂಟಿಗೆ ಬೇರೆ ಗುಂಡಿ. ಸಿದ್ದೇಶ್ವರಿ ಚೀಲದಿಂದ ಒಂದು ಟಾರ್ಚಿನ ಬಲ್ಬು ತೆಗೆದು ಅದಕ್ಕೆ ಸಿಕ್ಕಿಸಿ, ಒಂದೂವರೆ ವೋಲ್ಟಿಗೆ ಇಟ್ಟು, ಗೋಡೆಯ ಸ್ವಿಚ್ಚನ್ನು ಹತ್ತಾರು ಸಲ ಆರಿಸಿ ಹಾಕಿದಳು. ಬಲ್ಬು ಪ್ರತಿ ಸಲವೂ ಮೆಲ್ಲಗೆ ಹತ್ತಿತು, ಮೆಲ್ಲಗೆ ಆರಿತು.

"ಬೇಟಿ, ಲೈಟ್ ಹೋಗ್ಲಿ, ಬರ್ಲಿ, ಇದಕ್ಕ ಫರಕ್ ಬೀಳಂಗಿಲ್ಲ" ಅಂದ ಮಕ್ಬೂಲ. "ಕೆಲವು ಸಪ್ಲೈ ಚಾಲೂ ಆಗೋವಾಗ ಒಮ್ಮೆಲೆ ಪೂರಾ ವೋಲ್ಟೇಜ್ ಬಿಡ್ತಾವ. ಮೀಟರ್‌ನ್ಯಾಗ ಕಾಣಂಗಿಲ್ಲ, ಆದ್ರ ಸಾಮಾನು ಸುಟ್ಟಿರ್ತದ."

ಸಿದ್ದೇಶ್ವರಿಯ ಮುಖ ಅರಳಿತ್ತು. ನಾನು ಆ ಡಬ್ಬಿಯನ್ನು ಎತ್ತಿ ನೋಡಿದೆ. ಒಂದು ಕೈಯಲ್ಲೇ ಬಂತು. ಎರಡು ಆಂಪಿಯರ್ ಅಂತ ಬರೆದಿತ್ತು. ಇಷ್ಟು ಹಗುರ, ಇಷ್ಟು ಹಳೆಯದು, ಇನ್ನೊಬ್ಬರು ಬಳಸಿ ಬಿಟ್ಟದ್ದು. ಬಕ್ಕಪ್ಪನ ಸೊಸೆಯ ಮೇಜಿಗೆ ಇದು ಸಾಕೆ? ನನ್ನ ತಲೆಗೆ ಹೊಳೆದದ್ದು ಇಷ್ಟೇ. ನಿಜ ಹೇಳಬೇಕೆಂದರೆ, ಸುಟ್ಟ ಮೋಟಾರು ನೋಡುವ ನನ್ನನ್ನು ಬಿಟ್ಟು ಆಕೆ ಆ ಮುದುಕನ ಮಾತಿಗೆ ತಲೆಯಾಡಿಸುತ್ತಿದ್ದಳಲ್ಲ, ಅದೂ ನನಗೆ ಉರಿಯಿತು.

"ನಡಿ, ಬೀದರಕ್ಕ ಹೋಗೂಣು. ಹೊಸಾದು ಕೊಡಸ್ತೇನಿ" ಅಂದೆ.

"ಮಾವಾರ, ನನ್ನ ಕೆಲಸಕ್ಕ ಇದೇ ಸಾಕ್ರಿ."

"ನಿನಗೇನು ತಿಳೀತದ? ತಾಮ್ರ ಮುಟ್ಟಿದಾಂವ ನಾನು."

ಬೀದರಿನ ಆ ಅಂಗಡಿಯ ಹೆಸರು ಹೇಳುವುದಿಲ್ಲ. ಈಗ ಅದು ಇಲ್ಲ ಕೂಡ. ಅಂಗಡಿಯವನು ಮೂರು ಸಪ್ಲೈ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ನಾನು ಮೂರನ್ನೂ ಎತ್ತಿದೆ. ಮೂರನೆಯದು ಎರಡು ಕೈಗೂ ಭಾರ. ಮೂವತ್ತು ವೋಲ್ಟು, ಹತ್ತು ಆಂಪಿಯರ್, ಕೆಂಪು ಹಸಿರು ಅಂಕಿಗಳು ಮಿನುಗುವ ದೊಡ್ಡ ಮೀಟರು. ನನ್ನಪ್ಪ ಕುರಿ ಇಳಿಸಿದ ಹಾಗೆ ಅದನ್ನು ಇಳಿಸಿ, "ಇದು ಮಾಲು" ಅಂದೆ. ಅಂಗಡಿಯವನು ನಕ್ಕು, ಯಜಮಾನರಿಗೆ ಮಾಲಿನ ಒಳ್ಳೆ ಪರಖ್, ಗುರುತು ಇದೆ ಅಂದ. ನಾನು ಉಬ್ಬಿಹೋದೆ.

ಸಿದ್ದೇಶ್ವರಿ ಅದರ ಗುಂಡಿ ತಿರುಗಿಸಿ ನೋಡಿದಳು. ಒಂದೇ ಗುಂಡಿ, ಒಂದೇ ಸುತ್ತಿಗೆ ಸೊನ್ನೆಯಿಂದ ಮೂವತ್ತಕ್ಕೆ ಹೋಗುತ್ತಿತ್ತು. ಒಂದೂವರೆಗೆ ನಿಲ್ಲಿಸಬೇಕಾದರೆ ಉಸಿರು ಬಿಗಿಹಿಡಿಯಬೇಕು. ಕರೆಂಟ್ ಕಟ್ಟಿಡುವ ಗುಂಡಿ ಇರಲೇ ಇಲ್ಲ. ಆಕೆ ಚೀಲಕ್ಕೆ ಕೈ ಹಾಕಿ ಆ ಬಲ್ಬು ತೆಗೆದಳು.

"ಅಣ್ಣಾರ, ಒಂದು ಸಲ ಇದನ್ನ ಸಿಗಿಸಿ, ಆರಿಸಿ ಹಾಕಿ ನೋಡಲೇನ್ರಿ?"

ಅಂಗಡಿಯಲ್ಲಿ ಇನ್ನೂ ನಾಲ್ಕು ಗಿರಾಕಿಗಳಿದ್ದರು. ಎಲ್ಲರೂ ಈ ಕಡೆ ತಿರುಗಿದರು. ಅಂಗಡಿಯವನ ಮುಖ ಹುಳ್ಳಗಾಯಿತು. ಹೊಸ ಮಾಲು, ಹಿಂಗೆಲ್ಲ ಚೆಕ್ ಮಾಡೋದಾದರೆ ಬೇರೆ ಕಡೆ ನೋಡಿಕೊಳ್ಳಿ ಅಂದ. ನನಗೆ ಬಜಾರಿನ ನಡುವೆ ಪಂಚೆ ಬಿಚ್ಚಿದ ಹಾಗಾಯಿತು.

"ಇಡ ಒಳಗ ಅದನ್ನ" ಅಂದೆ, ಹಲ್ಲು ಕಚ್ಚಿ. "ಮಂದ್ಯಾಗ ಮಾನಾ ಕಳೀಬ್ಯಾಡ."

ಆಕೆ ಬಲ್ಬನ್ನು ಚೀಲದೊಳಗೆ ಇಟ್ಟುಕೊಂಡಳು. ನಾನು ಆ ಭಾರದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಕೇಳಿದವರಿಗೆಲ್ಲ ಸೊಸೆಗೆ ಕೊಡಿಸಿದೆ ಅಂತ ಹೇಳಿಕೊಂಡೆ.

ಮನೆಗೆ ಬಂದು, ಒಂದೂವರೆ ವೋಲ್ಟಿಗೆ ಇಟ್ಟು ಬಲ್ಬು ಸಿಕ್ಕಿಸಿದಳು. ಮೊದಲನೆಯ ಸಲ ಸ್ವಿಚ್ ಹಾಕಿದ್ದೇ ತಡ, ಬಲ್ಬು ಬೆಳ್ಳಗೆ ಮಿಂಚಿ ಕಪ್ಪಾಯಿತು. ನನ್ನನ್ನು ಕರೆದು ತೋರಿಸಿದಳು.

"ವಾಪಸ್ ಕೊಡೂಣ್ರಿ ಮಾವಾರ. ಇದು ಚಾಲೂ ಆಗೋವಾಗ ಪೂರಾ ಬಿಡ್ತದ."

ಊರಿಗೆಲ್ಲ ಹೇಳಿ ತಂದದ್ದನ್ನು ಮತ್ತೆ ಹೊತ್ತುಕೊಂಡು ಹೋಗುವುದೆ? "ಬಲ್ಬ್ ಹಳೇದದ. ಜ್ವಾಕಿಲೆ ಮಾಡು, ಎಲ್ಲಾ ಆಗ್ತದ" ಅಂದು ಅಂಗಡಿಗೆ ಹೋದೆ.

ಆಕೆ ಜೋಪಾನವಾಗಿಯೇ ಮಾಡಿದಳು. ಮೊದಲು ಸಪ್ಲೈ ಚಾಲೂ ಮಾಡುವುದು, ಮೀಟರು ನಿಂತ ಮೇಲೆ ಮಷೀನು ಸಿಕ್ಕಿಸುವುದು. ಆರಿಸುವ ಮೊದಲು ಮಷೀನು ಬಿಚ್ಚುವುದು. ಕರೆಂಟು ಹೋದರೆ, ಅದು ತಿರುಗಿ ಬರುವುದರೊಳಗೆ ವೈರು ಕಿತ್ತುಬಿಡುವುದು. ನಮ್ಮ ಔರಾದದಲ್ಲಿ ಕರೆಂಟು ಹೋಗುವುದಕ್ಕೂ ಬರುವುದಕ್ಕೂ ಹೊತ್ತು ಗೊತ್ತಿಲ್ಲ. ಹಾಗಾಗಿ ಆಕೆ ಎಡಗೈಯನ್ನು ಸದಾ ಆ ವೈರಿನ ಬಳಿಯೇ ಇಟ್ಟುಕೊಂಡು ಕೆಲಸ ಮಾಡುವುದನ್ನು ಕಲಿತಳು. ಊಟಕ್ಕೆ ಏಳುವ ಮೊದಲು ವೈರು ಕೀಳುತ್ತಿದ್ದಳು. ಬಾಗಿಲಿಗೆ ಯಾರಾದರೂ ಬಂದರೆ ವೈರು ಕೀಳುತ್ತಿದ್ದಳು. ನಾನು ತಂದ ದೊಡ್ಡಸ್ತಿಕೆಗೆ ಆಕೆ ಕಾವಲು ಕೂತಿದ್ದಳು.

ಒಂದೂವರೆ ತಿಂಗಳಲ್ಲಿ ಹನ್ನೊಂದೂ ಮಷೀನು ಸರಿಯಾದವು. ಕೊನೆಯ ಪರೀಕ್ಷೆ ಉಳಿದಿತ್ತು. ಹನ್ನೊಂದನ್ನೂ ಒಂದು ಹಲಗೆಯ ಮೇಲೆ ಸಾಲಾಗಿ ಇಟ್ಟು, ಎಲ್ಲಕ್ಕೂ ಒಟ್ಟಿಗೆ ಕರೆಂಟು ಕೊಟ್ಟು, ಬೆಳಗಿನಿಂದ ಸಂಜೆಯವರೆಗೆ ಗಂಟೆಗಿಷ್ಟು ವೋಲ್ಟೇಜ್ ಇಳಿಸುತ್ತ ನಡೆಸಿ ನೋಡುವುದು. ನಡುವೆ ಬಿಚ್ಚಿದರೆ ಮತ್ತೆ ಮೊದಲಿನಿಂದ ಶುರು. ಕಾವಲಿಗೆ ಒಂದು ಸಣ್ಣ ಫ್ಯೂಜನ್ನೂ ಹಾಕಿದ್ದಳು. ಮರುದಿನ ಜೇಬಾ ಮೇಡಂ ಬರುವವರಿದ್ದರು. ಅವತ್ತು ಸಿದ್ದೇಶ್ವರಿ ಬೆಳಗ್ಗೆ ನಸುಕಿಗೇ ಅಡುಗೆ ಮುಗಿಸಿ, ನೀರಿನ ತಂಬಿಗೆ ಪಕ್ಕದಲ್ಲಿಟ್ಟುಕೊಂಡು ಮೇಜಿಗೆ ಕೂತಳು.

ಮಧ್ಯಾಹ್ನ ಮೂರರ ಸುಮಾರಿಗೆ ಕಮಲನಗರದ ಇಬ್ಬರು ದೊಡ್ಡ ಗಿರಾಕಿಗಳನ್ನು ನಾನು ಮನೆಗೆ ಕರೆತಂದೆ. ಸಖುಬಾಯಿ ಸಂಬಂಧಿಕರ ಮನೆಗೆ ಹೋಗಿದ್ದಳು. ಪಡಸಾಲೆಯಿಂದಲೇ ಕೂಗಿದೆ.

"ಸಿದ್ದೇಶ್ವರಿ, ಚಾ ಮಾಡವ್ವಾ. ಮಂದಿ ಬಂದಾರ."

"ಮಾವಾರ, ಇನ್ನೆರಡು ತಾಸು ಏಳಾಕ ಬರಂಗಿಲ್ರಿ. ಮಷೀನ್ ನಡದಾವ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮೀಸೆಯಲ್ಲೇ ನಕ್ಕ. ಇಷ್ಟೇ ಸಾಕಾಯಿತು ನನಗೆ. ಒಳಗೆ ಹೋಗಿ ಬಾಗಿಲಲ್ಲಿ ನಿಂತೆ.

"ಏಳು ಅಂದ್ರ ಏಳಬೇಕು. ಚಾ ಮಾಡಾಕ ಎಷ್ಟೊತ್ತು ಬೇಕು? ಅಲ್ಲೀತನ ನಿನ್ನ ಮಷೀನಿಗೇನು ದಾಡಿ?"

"ನೀವಾದ್ರೂ ಇಲ್ಲಿ ಕೂಡ್ರಿ. ಲೈಟ್ ಹೋದ್ರ ಈ ವೈರ್ ಕೀಳ್ರಿ, ಇಷ್ಟಾ" ಅಂದಳು.

ಹ್ಞೂಂ ಅಂದೆ. ಆಕೆ ಅಡುಗೆಮನೆಗೆ ಹೋದಳು. ನಾನು ಕೂರಲಿಲ್ಲ. ಪಡಸಾಲೆಗೆ ಬಂದು ಗಿರಾಕಿಗಳ ಜೊತೆ ಮಾತಿಗೆ ಬಿದ್ದೆ. ಕರೆಂಟು ಹೋಗಿ ಫ್ಯಾನು ನಿಂತಾಗಲೂ ಟವಲಿನಿಂದ ಗಾಳಿ ಹಾಕಿಕೊಳ್ಳುತ್ತ, ನಮ್ಮೂರಿನ ಕರೆಂಟಿನ ಹಣೆಬರಹವೇ ಇಷ್ಟು ಅಂತ ಅವರಿಗೆ ಹೇಳುತ್ತಿದ್ದೆ. ಅಡುಗೆಮನೆಯಿಂದ ಆಕೆ ಓಡಿಬಂದ ಸದ್ದು ಕೇಳಿತು. ಆಕೆ ಕೋಣೆಯ ಹೊಸ್ತಿಲು ದಾಟುವಷ್ಟರಲ್ಲಿ ನನ್ನ ತಲೆಯ ಮೇಲಿನ ಫ್ಯಾನು ತಿರುಗತೊಡಗಿತು.

ಫ್ಯೂಜು ಸುಡುವ ಮೊದಲು ಮಷೀನುಗಳೇ ಸುಟ್ಟಿದ್ದವು. ಹನ್ನೊಂದೂ. ಸಿದ್ದೇಶ್ವರಿ ಒಂದೊಂದನ್ನೇ ಕಿವಿಗೆ ಹಚ್ಚಿ ನೋಡಿದಳು, ಕೆಳಗಿಟ್ಟಳು. ಗಿರಾಕಿಗಳು ಚಹಾ ಕುಡಿಯದೆ ಎದ್ದುಹೋದರು. ಆಕೆ ಅಳಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ಆ ಪವರ್ ಸಪ್ಲೈನ ಮುಚ್ಚಳ ಬಿಚ್ಚಿದಳು.

"ನೋಡ್ರಿ" ಅಂದಳು.

ಒಳಗೆ ಅಂಗೈ ಅಗಲದ ಟ್ರಾನ್ಸ್‌ಫಾರ್ಮರು. ಅದರ ಕೆಳಗೆ, ಡಬ್ಬಿಯ ತಳದ ತುಂಬ, ನಾಲ್ಕು ಬೋಲ್ಟು ಹಾಕಿ ಬಿಗಿದ ಕಬ್ಬಿಣದ ಗಟ್ಟಿ. ಅದಕ್ಕೆ ವೈರಿಲ್ಲ, ಕೆಲಸವಿಲ್ಲ. ನನ್ನಂಥವರು ಎತ್ತಿ ನೋಡುತ್ತಾರೆಂದು ಗೊತ್ತಿದ್ದವರು ಯಾರೋ ಅದನ್ನು ಅಲ್ಲಿ ಇಟ್ಟಿದ್ದರು. ಮೂವತ್ತು ವರ್ಷ ತಾಮ್ರ ತೂಗಿದ ನನ್ನ ಕೈಗಳನ್ನು ನನಗೆ ನೋಡಲಾಗಲಿಲ್ಲ.

ಮರುದಿನ ಜೇಬಾ ಮೇಡಂ ಬಂದರು. ಜೊತೆಗೆ ಶಾಲೆಯ ಕಮಿಟಿಯ ಒಬ್ಬರು ಹಿರಿಯರು. ಪಡಸಾಲೆಯಲ್ಲಿ ನಾನು, ಮಗ, ಸಖುಬಾಯಿ, ಕಿಟಕಿಯಿಂದ ಇಣುಕುವ ನೆರೆಮನೆಯವರು. ಸಿದ್ದೇಶ್ವರಿ ಗೋಡೆಗೆ ಒರಗಿ ನಿಂತಿದ್ದಳು. ಮೇಡಂ ಬೈಯಲಿಲ್ಲ. ಸುಟ್ಟ ಮಷೀನುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು.

"ದುಡ್ಡಿನ ಮಾತು ಬ್ಯಾಡ್ರಿ" ಅಂದರು. "ಮಕ್ಕಳು ಇವತ್ತು ಮಷೀನ್ ಬರ್ತಾವಂತ ದಾರಿ ನೋಡ್ಲಾಕತ್ತಾವ. ನಾ ಹೋಗಿ ಅವಕ್ಕೇನು ಹೇಳಲಿ? ಇದು ಹ್ಯಾಂಗಾತು, ಅಷ್ಟು ಹೇಳ್ರಿ. ತಪ್ಪು ಸಪ್ಲೈದೋ, ಮಾಡಿದವರ ಕೈದೋ? ಸಪ್ಲೈದಾದ್ರ ಬ್ಯಾರೆ ತರಸೂಣು. ಕೆಲಸ ಇವರಿಗೇ ಕೊಡ್ತೇನಿ."

ಅವರು ಕೇಳಿದ್ದು ಅಷ್ಟೇ. ಬಾಗಿಲು ತೆರೆದೇ ಇತ್ತು. ಸಪ್ಲೈ ನಾನು ಆರಿಸಿದ್ದು, ಬಲ್ಬು ಹಚ್ಚಿ ನೋಡಲು ಬಿಡದವನು ನಾನು, ಕೂತಿರುತ್ತೇನೆಂದು ಹೇಳಿ ಕೂರದೆ ಬಂದವನು ನಾನು. ಇಷ್ಟು ಹೇಳಿದ್ದರೆ ಮುಗಿದಿತ್ತು. ಸಿದ್ದೇಶ್ವರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸೊಸೆ ಹೀಗೆ ನೇರವಾಗಿ ನನ್ನನ್ನು ನೋಡಿದ್ದು ಅದೇ ಮೊದಲು. ಕಿಟಕಿಯಲ್ಲಿ ನೆರೆಯವರ ತಲೆಗಳು. ಕಬ್ಬಿಣದ ಗಟ್ಟಿಯನ್ನು ತಾಮ್ರವೆಂದು ಹೊತ್ತು ತಂದ ಬಕ್ಕಪ್ಪ ಅಂತ ನಾಳೆ ಬಸ್ ನಿಲ್ದಾಣದಲ್ಲಿ ನಗುತ್ತಾರೆ, ಅನ್ನುವುದಷ್ಟೇ ನನಗೆ ಕಂಡದ್ದು.

"ಸಪ್ಲೈ ಛಲೋ ಅದ್ರಿ" ಅಂದೆ. "ಹೆಣ್ಮಗಳು, ಇನ್ನಾ ಕೈ ಕೂತಿಲ್ಲ."

ಮೇಡಂ ಸಿದ್ದೇಶ್ವರಿಯ ಕಡೆ ತಿರುಗಿದರು. "ಹೌದೇನಮ್ಮಾ?"

ಆಕೆ ನನ್ನ ಮೇಲಿನ ಕಣ್ಣು ತೆಗೆದಳು. "ಮಾವಾರು ಹೇಳಿದ್ರಲ್ರಿ" ಅಂದು ಒಳಗೆ ಹೋದಳು.

ಅವತ್ತೇ ಸಂಜೆ ಆಕೆ ಮೇಜು ಬಿಚ್ಚಿದಳು. ಇಟ್ಟಿಗೆಗಳನ್ನು ಹಿತ್ತಲಿಗೆ ಸಾಗಿಸಿ, ಬಾಗಿಲನ್ನು ಗೋಡೆಗೆ ನಿಲ್ಲಿಸಿದಳು. ಮಗ ನಿಜಕ್ಕೂ ಏನಾಯಿತೆಂದು ಕೇಳಿದ, ನನಗೆ ಬರುವುದಿಲ್ಲ ಬಿಡ್ರಿ ಅಂದಳು. ಮುದುಕರು ಮಷೀನು ಹಿಡಿದು ಬಂದರೆ ಬಾಗಿಲಿಂದಲೇ ಕಳಿಸಿದಳು. ಒಂದು ವಾರದ ಮೇಲೆ ನಾನು ಕದ್ದು ಭಾಲ್ಕಿಗೆ ಹೋಗಿ ಮಕ್ಬೂಲನ ಸಪ್ಲೈ ಕೇಳಿದೆ. ಅದನ್ನು ಮಾರಿರಲಿಲ್ಲ, ಬಂದರೆ ನಿಮ್ಮ ಸೊಸೆಯೇ ಬಂದಾಳೆಂದು ಇಟ್ಟಿದ್ದೆ ಅಂದ. ತಂದು ಆಕೆಯ ಮುಂದೆ ಇಟ್ಟೆ. ಸೆರಗಿನಿಂದ ಅದರ ಧೂಳು ಒರೆಸಿದಳು, ಮೂರೂ ಗುಂಡಿ ಒಮ್ಮೆ ತಿರುಗಿಸಿದಳು. ಆಮೇಲೆ ಕೇಳಿದಳು.

"ಇದರಿಂದ ಯಾರ ಮಷೀನ್ ನೋಡ್ಲಿ ಮಾವಾರ? ನನ್ನ ಕೈಯಾಗ ಯಾರು ಕೊಡ್ತಾರ?"

ಉತ್ತರ ನನ್ನ ಬಳಿ ಇತ್ತು, ಭಾಲ್ಕಿಯ ಶಾಲೆಗೆ ಹೋಗಿ ಎರಡು ಮಾತು ಹೇಳುವುದು. ಶಾಲೆ ಮಕ್ಬೂಲನ ಮನೆಯಿಂದ ನಾಲ್ಕು ಹೆಜ್ಜೆ. ಸಪ್ಲೈ ತಂದ ದಿನವೂ ಅದರ ಮುಂದೆಯೇ ಹಾದುಬಂದಿದ್ದೆ. ಬಿಡುವಿನ ಹೊತ್ತು, ಮಕ್ಕಳು ಅಂಗಳದಲ್ಲಿ ಕೈಯಾಡಿಸುತ್ತ ಮಾತಾಡುತ್ತಿದ್ದವು. ನಾನು ಬಸ್ಸು ತಪ್ಪುತ್ತದೆಂದು ಬೇಗ ಬೇಗ ನಡೆದೆ.

ಮುಂದಿನ ವರ್ಷ ನನ್ನ ಬೆರಳು ಗಂಟು ಕಟ್ಟಿ ತಂತಿ ಸುತ್ತಲು ಆಗದಾಯಿತು. ಅಂಗಡಿಯ ಹಿಂಭಾಗಕ್ಕೆ ಪರದೆ ಕಟ್ಟಿ ಸಿದ್ದೇಶ್ವರಿಯನ್ನು ಕೂರಿಸಿದೆವು. ಈಗ ಮೋಟಾರುಗಳ ಸುತ್ತು ಎಲ್ಲ ಆಕೆಯದೇ. ನಾನು ಮುಂದೆ ಕೂತು ವಾರ್ನಿಷ್ ಹೊಡೆಯುತ್ತೇನೆ. ಆಕೆ ಸುತ್ತಿದ್ದು ನಾನು ಸುತ್ತಿದ್ದಕ್ಕಿಂತ ಚೆಂದ, ಒಂದು ಎಳೆಯೂ ಮೇಲೆ ಕೆಳಗೆ ಇರುವುದಿಲ್ಲ. ಎರಡು ವರ್ಷದಲ್ಲಿ ಒಂದು ಮೋಟಾರೂ ಸುಟ್ಟು ತಿರುಗಿ ಬಂದಿಲ್ಲ.

ಮೊನ್ನೆ ಒಬ್ಬ ರೈತ ತನ್ನ ಮೋಟಾರಿನ ಸುತ್ತು ನೋಡಿ, ಅದರ ಮೇಲೆ ಬೆರಳಾಡಿಸಿ ತಲೆದೂಗಿದ.

"ಬಕ್ಕಪ್ಪನವರ, ಈ ವಯಸ್ಸಿನ್ಯಾಗೂ ಇಷ್ಟು ನೀಟ ಸುತ್ತತೀರಲ್ರಿ. ನೀವೇ ಸುತ್ತೀರೇನು?"

ಪರದೆಯ ಹಿಂದೆ ಕಾಯಿಲ್ ಸುತ್ತುವ ಮಷೀನಿನ ಹಿಡಿ ನಿಂತಿತು. ಆಕೆ ಕೇಳುತ್ತಿದ್ದಳು.

"ಮತ್ಯಾರು ಸುತ್ತತಾರ್ರಿ?" ಅಂದೆ.

ಹಿಡಿ ಮತ್ತೆ ತಿರುಗಿತು. ರೈತ ಹೋದ ಮೇಲೆ ಆಕೆ ಒಳಗಿನಿಂದ, ಎಂದಿನ ದನಿಯಲ್ಲೇ, "ಮಾವಾರ, ಮುಂದಿನ ಮೋಟಾರ್ ಕೊಡ್ರಿ" ಅಂದಳು.